ನಾಳಗಳ ನಕ್ಷೆಯೂ ಕಲಿಯುವ ಯಂತ್ರವೂ

ಮಾನವ ಶರೀರದ ರಕ್ತಪರಿಚಲನೆಯನ್ನು ತೋರಿಸುವ ಪಟವನ್ನು ಶಾಲೆಯ ಗೋಡೆಯ ಮೇಲೆ ಕಾಣದ ವಿದ್ಯಾರ್ಥಿ ಇರಲಾರನು. ಧಮನಿಗಳಿಗೆ ಕೆಂಪು ಬಣ್ಣ, ಸಿರೆಗಳಿಗೆ ನೀಲಿ ಬಣ್ಣ. ಹೃದಯದಿಂದ ಹೊರಟ ಮಹಾಧಮನಿಯು ಮರದ ಕಾಂಡದಂತೆ ಕವಲೊಡೆಯುತ್ತ, ರೆಂಬೆ ಕೊಂಬೆಗಳಾಗಿ ಬೆರಳ ತುದಿಯವರೆಗೂ ಹಬ್ಬಿರುವುದು. ಪರೀಕ್ಷೆಯಲ್ಲಿ ಆ ಚಿತ್ರವನ್ನು ಬರೆದು ಹೆಸರುಗಳನ್ನು ಗುರುತಿಸಿದವರಿಗೆ ಪೂರ್ಣ ಅಂಕಗಳು ದೊರೆಯುವುವು. ಆದರೆ ಪಟದಲ್ಲಿರುವ ಆ ಮನುಷ್ಯನನ್ನು ಶವಚ್ಛೇದನದ ಕೋಣೆಯಲ್ಲಿ ಹುಡುಕಹೊರಟ ವೈದ್ಯವಿದ್ಯಾರ್ಥಿಗೆ ಅವನು ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಒಬ್ಬನಲ್ಲಿ ಒಂದು ಕವಲು ಇಲ್ಲ, ಇನ್ನೊಬ್ಬನಲ್ಲಿ ಎರಡಿರುವುವು, ಮತ್ತೊಬ್ಬನಲ್ಲಿ ಇರಬೇಕಾದ ಕವಲು ಬೇರೊಂದು ಕಾಂಡದಿಂದ ಹೊರಟಿರುವುದು. ಇವು ರೋಗಗಳಲ್ಲ. ತಾಯಿಯ ಗರ್ಭದಲ್ಲಿ ನಾಳಗಳು ರೂಪುಗೊಳ್ಳುವಾಗ ಕೆಲವು ಅಳಿದು ಕೆಲವು ಉಳಿಯುವುದರಿಂದ ಉಂಟಾದ ವ್ಯತ್ಯಾಸಗಳು. ಇವನ್ನು ನಾವು ಈ ಲೇಖನದಲ್ಲಿ ‘ರೂಪಭೇದ’ಗಳೆಂದು ಕರೆಯುವೆವು.

ಭಾಷೆಯನ್ನು ಕಲಿಸುವ ನಾವು ವೈದ್ಯರ ವಿಷಯಕ್ಕೆ ಏಕೆ ಕೈಹಾಕಿದೆವೆಂದು ಯಾರಾದರೂ ಕೇಳಬಹುದು. ಮುಂದೆ ಓದಿದರೆ, ಇದು ಬಹುಮಟ್ಟಿಗೆ ಅಕ್ಷರವನ್ನು ಓದುವ ಕೆಲಸಕ್ಕೆ ಸಂಬಂಧಿಸಿದುದೆಂದು ತಿಳಿಯುವುದು.

ರೂಪಭೇದಗಳು ಎಷ್ಟು ಸಾಮಾನ್ಯವೆಂಬುದಕ್ಕೆ ಯಕೃತ್ತಿನ ಉದಾಹರಣೆಯೊಂದೇ ಸಾಕು. ಅಮೆರಿಕದ ಫಿಲಡೆಲ್ಫಿಯದಲ್ಲಿ ಮೈಕೆಲ್ಸ್ ಎಂಬ ಅಂಗರಚನಾಶಾಸ್ತ್ರಜ್ಞನು 200 ಶವಗಳನ್ನು ಪರೀಕ್ಷಿಸಿ 1955ರಲ್ಲಿ ಪ್ರಕಟಿಸಿದ ಗ್ರಂಥದಂತೆ, ಪುಸ್ತಕದಲ್ಲಿ ಹೇಳಿರುವ ಕ್ರಮದಲ್ಲಿಯೇ ಯಕೃತ್ತಿಗೆ ರಕ್ತ ಹೋಗುವುದು ನೂರರಲ್ಲಿ ಸುಮಾರು 55 ಮಂದಿಗೆ ಮಾತ್ರ. ಉಳಿದವರಲ್ಲಿ ಬಲಭಾಗಕ್ಕೋ ಎಡಭಾಗಕ್ಕೋ ಬೇರೆಡೆಯಿಂದ ಬಂದ ಧಮನಿ ಇರುವುದು. ಮೂತ್ರಪಿಂಡಕ್ಕೆ ಒಂದೊಂದು ಧಮನಿ ಎಂದು ನಾವು ಪಾಠ ಹೇಳುತ್ತೇವೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೆಚ್ಚಿನದೊಂದು ಇರುವುದು. ತಾಯಿಯು ಮಗನಿಗೆ ಮೂತ್ರಪಿಂಡವನ್ನು ದಾನಮಾಡಲು ಮುಂದಾದಾಗ, ವೈದ್ಯರು ಮೊದಲು ಚಿತ್ರ ತೆಗೆಸಿ ನೋಡುವುದು ಈ ಧಮನಿಗಳ ಸಂಖ್ಯೆಯನ್ನು. ಗೊತ್ತಿಲ್ಲದ ಧಮನಿಯೊಂದು ಕತ್ತರಿಗೆ ಸಿಕ್ಕಿದರೆ ಏನಾದೀತೆಂಬುದನ್ನು ವಿವರಿಸಬೇಕಾದುದಿಲ್ಲ.

ಈಗ ಮೆದುಳಿಗೆ ಬರೋಣ. ಕತ್ತಿನ ಮುಂಭಾಗದಿಂದ ಎರಡು, ಬೆನ್ನೆಲುಬಿನ ಮಗ್ಗುಲಿನಿಂದ ಎರಡು, ಹೀಗೆ ನಾಲ್ಕು ಧಮನಿಗಳು ತಲೆಬುರುಡೆಯೊಳಗೆ ಏರುವುವು. ಹಿಂದಿನವೆರಡೂ ಕೂಡಿ ಒಂದಾಗುವುವು. ಬಳಿಕ ಮುಂದಿನವೂ ಹಿಂದಿನವೂ ಮೆದುಳಿನ ತಳದಲ್ಲಿ ಚಿಕ್ಕ ಚಿಕ್ಕ ಸಂಪರ್ಕ ಧಮನಿಗಳಿಂದ ಒಂದಕ್ಕೊಂದು ಜೋಡಣೆಗೊಂಡು ಬಳೆಯಂತಹ ಒಂದು ವರ್ತುಲವಾಗುವುದು. ಆಕ್ಸ್‌ಫರ್ಡಿನ ವೈದ್ಯ ಥಾಮಸ್ ವಿಲ್ಲಿಸನು 1664ರಲ್ಲಿ ಮೆದುಳಿನ ಕುರಿತು ಬರೆದ ಗ್ರಂಥದಲ್ಲಿ ಇದನ್ನು ವರ್ಣಿಸಿದುದರಿಂದ ಇದಕ್ಕೆ ‘ವಿಲ್ಲಿಸನ ವರ್ತುಲ’ವೆಂದು ಹೆಸರು. ಆ ಗ್ರಂಥಕ್ಕೆ ಚಿತ್ರಗಳನ್ನು ಬರೆದುಕೊಟ್ಟವರಲ್ಲಿ, ಮುಂದೆ ಲಂಡನ್ನಿನ ಸೇಂಟ್ ಪಾಲ್ ಪ್ರಾರ್ಥನಾಮಂದಿರವನ್ನು ನಿರ್ಮಿಸಿದ ಕ್ರಿಸ್ಟೋಫರ್ ರೆನ್ ಒಬ್ಬನು. ಕಟ್ಟಡಗಳ ಕಣ್ಣಿದ್ದವನಿಗೆ ಮೆದುಳಿನ ಬುಡದ ಈ ಕಮಾನು ಮೆಚ್ಚುಗೆಯಾಗಿದ್ದರೆ ಆಶ್ಚರ್ಯವಿಲ್ಲ.

ಈ ವರ್ತುಲದ ಪ್ರಯೋಜನವನ್ನು ಮುಂಬಯಿಯ ಮಕ್ಕಳಿಗೆ ತಿಳಿಸುವುದು ಕಷ್ಟವಲ್ಲ. ದಾದರಿನಲ್ಲಿ ಮಧ್ಯ ರೈಲ್ವೆಯೂ ಪಶ್ಚಿಮ ರೈಲ್ವೆಯೂ ಪಕ್ಕಪಕ್ಕದಲ್ಲಿ ಹಾಯುವುವು; ನಡುವೆ ಸೇತುವೆ ಇದೆ. ಮಳೆಗಾಲದ ಒಂದು ದಿನ ದಾದರಿನಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಕಡೆಗೆ ಹೋಗುವ ಗಾಡಿಗಳು ನಿಂತುಹೋದವೆನ್ನಿರಿ. ಜನರು ಮನೆಗೆ ಹಿಂದಿರುಗುವರೇ? ಇಲ್ಲ; ಸೇತುವೆಯನ್ನು ಹತ್ತಿ ಇಳಿದು, ಚರ್ಚ್‌ಗೇಟಿನ ಗಾಡಿಯನ್ನು ಹಿಡಿದು, ಕೋಟೆಯ ಕಚೇರಿಗಳನ್ನು ಸೇರಿಕೊಳ್ಳುವರು. ತಡವಾಗಬಹುದು, ಆದರೆ ಕೆಲಸ ತಪ್ಪದು. ಮೆದುಳಿನ ಸಂಪರ್ಕ ಧಮನಿಗಳೆಂದರೆ ಇಂತಹ ಸೇತುವೆಗಳು. ಒಂದು ಕಡೆಯ ಧಮನಿಯು ಮೆಲ್ಲಮೆಲ್ಲನೆ ಕಟ್ಟಿಕೊಂಡರೂ, ಸೇತುವೆ ಅಗಲವಾಗಿದ್ದವನಲ್ಲಿ ಎದುರು ಕಡೆಯ ರಕ್ತವು ಹಾದುಬಂದು ಮೆದುಳನ್ನು ಕಾಪಾಡಬಲ್ಲದು. ಸೇತುವೆ ಇಲ್ಲದವನಿಗೆ ಅದೇ ಅಡ್ಡಿಯಿಂದ ಪಾರ್ಶ್ವವಾಯು ಬಡಿದು ಮಾತು ನಿಲ್ಲಬಹುದು.

ಸೋಜಿಗದ ಸಂಗತಿಯೆಂದರೆ, ಈ ವರ್ತುಲವು ಪುಸ್ತಕದಲ್ಲಿರುವಂತೆ ಪೂರ್ಣವಾಗಿಯೂ ಸಮವಾಗಿಯೂ ಇರುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಹಲವರಲ್ಲಿ ಹಿಂದಿನ ಸೇತುವೆಗಳಲ್ಲೊಂದು ನೂಲಿನಂತೆ ಸಣ್ಣದು, ಅಥವಾ ಇಲ್ಲವೇ ಇಲ್ಲ. ಕೆಲವರಲ್ಲಿ ಮೆದುಳಿನ ಹಿಂಭಾಗಕ್ಕೆ ಹೋಗುವ ಧಮನಿಯು ಗರ್ಭದಲ್ಲಿದ್ದಾಗಿನ ಏರ್ಪಾಡನ್ನೇ ಉಳಿಸಿಕೊಂಡು, ಮುಂದಿನ ಕತ್ತಿನ ಧಮನಿಯಿಂದ ರಕ್ತವನ್ನು ಪಡೆಯುವುದು. ಮುಂಭಾಗದ ಜೋಡಿ ಧಮನಿಗಳಲ್ಲಿ ಒಂದು ಸಣ್ಣದಾಗಿದ್ದರೆ, ಇನ್ನೊಂದು ಇಬ್ಬರ ಹೊರೆಯನ್ನೂ ಹೊರಬೇಕಾಗುವುದು. ಅಂಥವರಲ್ಲಿ ಮುಂದಿನ ಸಂಪರ್ಕ ಧಮನಿಯ ಗೋಡೆ ಉಬ್ಬಿ ಗುಳ್ಳೆಯಾಗುವ ಸಂಭವ ಹೆಚ್ಚೆಂದು ವೈದ್ಯರು ಕಂಡುಕೊಂಡಿದ್ದಾರೆ. ಆ ಗುಳ್ಳೆ ಒಡೆದರೆ ಪ್ರಾಣಾಪಾಯ. ಆದುದರಿಂದ ರೂಪಭೇದವು ರೋಗವಲ್ಲವಾದರೂ, ರೋಗವು ಬಂದಾಗ ಅದು ಯಾವ ದಾರಿ ಹಿಡಿಯುವುದೆಂಬುದನ್ನು ನಿರ್ಣಯಿಸಬಲ್ಲದು.

ಜೀವಂತ ಮನುಷ್ಯನ ನಾಳಗಳನ್ನು ಕಾಣುವ ಉಪಾಯಗಳ ಚರಿತ್ರೆ ದೀರ್ಘವಾದುದು. ಇಲ್ಲಿ ಎರಡು ಮಾತು ಸಾಕು. ಲಿಸ್ಬನ್ನಿನ ಎಗಾಸ್ ಮೋನಿಜ್ ಎಂಬಾತನು 1927ರಲ್ಲಿ, ಕ್ಷಕಿರಣಗಳಿಗೆ ಕಾಣುವ ದ್ರವವನ್ನು ಕತ್ತಿನ ಧಮನಿಗೆ ಚುಚ್ಚಿ ಮೆದುಳಿನ ನಾಳಗಳ ಚಿತ್ರವನ್ನು ಪಡೆದನು. ಹೌನ್ಸ್‌ಫೀಲ್ಡನ ಸಿ. ಟಿ. ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಹೋಳು ಹೋಳಾಗಿ ತೋರಿಸಿತು. ಅದರ ಬಳಿಕ ಬಂದ ಎಂ. ಆರ್. ಯಂತ್ರಕ್ಕೆ ಕ್ಷಕಿರಣಗಳೂ ಬೇಡ. ಇಂದು ಒಬ್ಬ ರೋಗಿಯ ತಲೆಯ ಒಂದು ಪರೀಕ್ಷೆಯಿಂದ ನೂರಾರು ಹೋಳುಗಳ ಚಿತ್ರಗಳು ಹೊರಬೀಳುವುವು. ತೊಂದರೆ ಹುಟ್ಟಿದುದು ಇಲ್ಲಿಯೇ. ಚಿತ್ರಗಳು ಹೆಚ್ಚಿದವು, ಅವನ್ನು ಓದಬಲ್ಲ ಕಣ್ಣುಗಳು ಹೆಚ್ಚಲಿಲ್ಲ. ರಾತ್ರಿ ಎರಡು ಗಂಟೆಗೆ ಬಂದ ರೋಗಿಯ ಚಿತ್ರದಲ್ಲಿ ಕೂದಲೆಳೆಯಂತಹ ಸೇತುವೆಯೊಂದು ಇದೆಯೋ ಇಲ್ಲವೋ ಎಂದು ಹುಡುಕುತ್ತ ಕೂರಲು ಯಾವ ವೈದ್ಯನಿಗೆ ಬಿಡುವಿದೆ?

ಈ ಕೆಲಸಕ್ಕೆ ಈಗ ಗಣಕಯಂತ್ರವನ್ನು ತರಬೇತುಗೊಳಿಸುತ್ತಿದ್ದಾರೆ. ಆ ವಿಧಾನಕ್ಕೆ ಡೀಪ್ ಲರ್ನಿಂಗ್ ಎಂದು ಹೆಸರು. ಕನ್ನಡದಲ್ಲಿ ‘ಆಳವಾದ ಕಲಿಕೆ’ ಎಂದರೆ ತಪ್ಪು ತಿಳಿವಳಿಕೆಗೆ ಎಡೆಯಾದೀತು. ಇಲ್ಲಿ ಆಳವೆಂದರೆ ಪಾಂಡಿತ್ಯದ ಆಳವಲ್ಲ. ಲೆಕ್ಕಗಳನ್ನು ಒಂದರ ಮೇಲೊಂದು ಎಷ್ಟು ಪದರಗಳಾಗಿ ಜೋಡಿಸಿದ್ದಾರೆ ಎಂಬುದಷ್ಟೇ. ‘ಪದರು ಕಲಿಕೆ’ ಎಂದರೆ ಹೆಚ್ಚು ಒಪ್ಪುವುದೆಂದು ನಮ್ಮ ಅಭಿಪ್ರಾಯ.

ಒಂದನೆಯ ತರಗತಿಯ ಮಗು ಅಕ್ಷರಗಳನ್ನು ಕಲಿಯುವ ಬಗೆಯನ್ನು ನೆನೆಯಿರಿ. ವ, ಪ, ಮ, ಷ ಇವು ನಾಲ್ಕೂ ಮೊದಮೊದಲು ಅದಕ್ಕೆ ಒಂದೇ ಆಗಿ ತೋರುವುವು. ಪಕಾರದ ಹೊಟ್ಟೆಯೊಳಗೆ ಒಂದು ಗೀಟು ಸೇರಿದರೆ ಷಕಾರವೆಂದು ನಾವು ಸೂತ್ರ ಹೇಳಿ ಕಲಿಸುವುದುಂಟು. ಆದರೆ ನಿಜವಾಗಿ ಮಗು ಕಲಿಯುವುದು ಸೂತ್ರದಿಂದಲ್ಲ. ನೂರು ಸಲ ನೋಡಿ, ಹೇಳಿ, ತಪ್ಪಿ, ತಿದ್ದಿಸಿಕೊಂಡು ಕಲಿಯುವುದು. ಬಳಿಕ ಯಾರ ಕೈಬರಹದಲ್ಲಿದ್ದರೂ, ಅಂಗಡಿಯ ಹಲಗೆಯ ಮೇಲಿದ್ದರೂ, ಮಳೆಗೆ ಅರ್ಧ ಅಳಿಸಿದ್ದರೂ ಅದು ಮಕಾರವೆಂದು ಗುರುತಿಸುವುದು. ಹೇಗೆ ಗುರುತಿಸಿದೆಯೆಂದು ಕೇಳಿದರೆ ಹೇಳಲಾರದು.

ಯಂತ್ರವೂ ಹೀಗೆಯೇ. ಚಿತ್ರವೆಂಬುದು ಯಂತ್ರಕ್ಕೆ ಅಂಕಿಗಳ ಚೌಕಳಿ ಮಾತ್ರ. ಒಂದೊಂದು ಚುಕ್ಕೆಯ ಬೆಳಕಿಗೆ ಒಂದೊಂದು ಅಂಕಿ. ಮೊದಲ ಪದರವು ಒಂಬತ್ತು ಚುಕ್ಕೆಗಳಷ್ಟು ಚಿಕ್ಕ ಕಿಟಕಿಯನ್ನು ಚಿತ್ರದ ಮೇಲೆಲ್ಲ ಸರಿಸುತ್ತ, ಆ ಅಂಕಿಗಳನ್ನು ಕೆಲವು ತೂಕಗಳಿಂದ ಗುಣಿಸಿ ಕೂಡುವುದು. ಎಲ್ಲಿ ಕತ್ತಲೆ ಮುಗಿದು ಬೆಳಕು ಮೊದಲಾಗುವುದೋ ಅಲ್ಲಿ ಮೊತ್ತವು ದೊಡ್ಡದಾಗುವುದು; ಅಂದರೆ ಅಂಚು ಸಿಕ್ಕಿತು. ಎರಡನೆಯ ಪದರವು ಅಂಚುಗಳನ್ನು ಕೂಡಿಸಿ ಗೆರೆಯನ್ನು, ಮುಂದಿನದು ಗೆರೆಗಳನ್ನು ಕೂಡಿಸಿ ಕೊಳವೆಯನ್ನು, ಅದರ ಮುಂದಿನದು ಕೊಳವೆಯ ಕವಲನ್ನು ಕಾಣುವುದು. ಆ ತೂಕಗಳನ್ನು ಯಾರೂ ಕೈಯಿಂದ ಬರೆದುಕೊಡುವುದಿಲ್ಲ. ಮೊದಲಿಗೆ ಅವು ಮನಬಂದಂತೆ ಇರುವುವು. ಯಂತ್ರವು ತಪ್ಪು ಉತ್ತರವನ್ನೇ ಕೊಡುವುದು. ವೈದ್ಯನು ಬಣ್ಣ ಹಚ್ಚಿ ಕೊಟ್ಟ ಸರಿಯುತ್ತರದೊಡನೆ ಹೋಲಿಸಿ, ಎಷ್ಟು ತಪ್ಪಾಯಿತೆಂದು ಲೆಕ್ಕಹಾಕಿ, ಆ ತಪ್ಪಿಗೆ ಯಾವ ತೂಕವು ಎಷ್ಟು ಕಾರಣವೆಂದು ಕೊನೆಯ ಪದರದಿಂದ ಮೊದಲ ಪದರದವರೆಗೆ ಹಿಂದಕ್ಕೆ ಹಿಂದಕ್ಕೆ ಹೋಗಿ, ಪ್ರತಿಯೊಂದನ್ನೂ ಎಳ್ಳಷ್ಟು ತಿದ್ದುವರು. ಉಪಾಧ್ಯಾಯನ ಕೆಂಪು ಶಾಯಿಯ ಕೆಲಸವೇ ಇದು. ವ್ಯತ್ಯಾಸವೇನೆಂದರೆ, ಇಲ್ಲಿ ಒಂದೇ ಪಟ್ಟಿಯನ್ನು ಲಕ್ಷಾಂತರ ಸಲ ತಿದ್ದಿದರೂ ಬೇಸರವಿಲ್ಲ. ಜರ್ಮನಿಯ ಫ್ರೈಬರ್ಗಿನ ವಿದ್ವಾಂಸರು 2015ರಲ್ಲಿ ರಚಿಸಿದ ‘ಯು-ನೆಟ್’ ಎಂಬ ಜಾಲವು, ಚಿತ್ರದ ಪ್ರತಿಯೊಂದು ಚುಕ್ಕೆಯೂ ಯಾವುದಕ್ಕೆ ಸೇರಿದುದೆಂದು ಹೇಳುವಂತೆ ಈ ಪದರಗಳನ್ನು ಜೋಡಿಸಿತು. ನಾಳಗಳನ್ನು ಬಿಡಿಸುವ ಕೆಲಸಕ್ಕೆ ಅದರ ವಂಶದ ಜಾಲಗಳನ್ನೇ ಹೆಚ್ಚಾಗಿ ಬಳಸುವರು.

ರೂಪಭೇದಗಳ ತೊಡಕನ್ನೂ ಅಕ್ಷರಮಾಲೆಯೇ ನಮಗೆ ತಿಳಿಸಿಕೊಡುವುದು. ನಮ್ಮ ವರ್ಣಮಾಲೆಯಲ್ಲಿ ಙ, ಞ ಎಂಬ ಎರಡು ಅಕ್ಷರಗಳಿವೆ. ಓದುವ ಪುಸ್ತಕದಲ್ಲಿ ಅವು ಬಿಡಿಯಾಗಿ ಎಷ್ಟು ಸಲ ಬರುವುವು? ಏಳನೆಯ ತರಗತಿಯ ಹುಡುಗನೂ ಅವನ್ನು ಕಂಡಾಗ ತಡವರಿಸುವನು. ನಾಳಗಳಲ್ಲಿಯೂ ಅಪರೂಪದ ರೂಪಗಳು ಹೀಗೆಯೇ. ಸಾವಿರ ಚಿತ್ರಗಳನ್ನು ಕಲಿಸಿದರೆ ಅವುಗಳಲ್ಲಿ ನಾಲ್ಕೋ ಐದೋ ಸಿಕ್ಕಬಹುದು. ಸಾಮಾನ್ಯ ರೂಪವನ್ನೇ ಕಂಡು ರೂಢಿಯಾದ ಯಂತ್ರವು ಇಲ್ಲದ ಸೇತುವೆಯನ್ನು ಇದೆಯೆಂದು ಬಣ್ಣ ಹಚ್ಚಿಬಿಡುವುದು. ಗೋಡೆಯ ಪಟವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯ ತಪ್ಪನ್ನೇ ಯಂತ್ರವೂ ಮಾಡುವುದೆಂಬುದು ನಮಗೆ ಬಹಳ ಸ್ವಾರಸ್ಯವಾಗಿ ತೋರಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದವರು 2023ರಲ್ಲಿ ಈ ವಿಷಯವಾಗಿ ಒಂದು ಸ್ಪರ್ಧೆಯನ್ನೇ ಏರ್ಪಡಿಸಿದರು. ಒಬ್ಬನೇ ರೋಗಿಯ ಸಿ. ಟಿ. ಮತ್ತು ಎಂ. ಆರ್. ಚಿತ್ರಗಳನ್ನು ಜೊತೆಯಾಗಿ ಕೊಟ್ಟು, ವಿಲ್ಲಿಸನ ವರ್ತುಲದ 13 ಭಾಗಗಳನ್ನು ಒಂದೊಂದಾಗಿ ಗುರುತಿಸಬೇಕೆಂದರು. ದಪ್ಪ ಧಮನಿಗಳನ್ನು ಯಂತ್ರಗಳು ಚೆನ್ನಾಗಿ ಗುರುತಿಸಿದವು. ಕಷ್ಟವಾದುದು ಸಣ್ಣ ಸೇತುವೆಗಳದು. ನಮಗೆ ಬೇಕಾದುದೂ ಅವೇ.

ಇದು ದೂರದೇಶದ ಮಾತಾಯಿತು. ಮುಂಬಯಿಯಲ್ಲಿ ಏನು ನಡೆದಿದೆ?

ತಲೆಯ ಚಿತ್ರಗಳನ್ನು ಓದುವ ಕೆಲಸದಲ್ಲಿ, 2016ರಲ್ಲಿ ಈ ನಗರದಲ್ಲಿ ಸ್ಥಾಪಿತವಾದ ಕ್ಯೂರ್ ಡಾಟ್ ಎಐ ಎಂಬ ಸಂಸ್ಥೆಯ ತರುಣರು ಭಾರತದ ಹಲವು ಕೇಂದ್ರಗಳಿಂದ 3,13,318 ಸಿ. ಟಿ. ಪರೀಕ್ಷೆಗಳನ್ನು ಒಟ್ಟುಗೂಡಿಸಿ, ತಲೆಯೊಳಗಿನ ರಕ್ತಸ್ರಾವವನ್ನೂ ಬುರುಡೆಯ ಬಿರುಕನ್ನೂ ಕಂಡುಹಿಡಿಯಲು ಯಂತ್ರಕ್ಕೆ ಕಲಿಸಿದರು. ಅದರ ವರದಿಯು 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 491 ಪರೀಕ್ಷೆಗಳ ಒಂದು ಗುಂಪನ್ನು ಮೂವರು ವೈದ್ಯರಿಂದ ಬೇರೆಬೇರೆಯಾಗಿ ಓದಿಸಿ ಅವರ ಬಹುಮತವನ್ನು ಸರಿಯುತ್ತರವೆಂದು ಹಿಡಿದರು. ಮೂವರು ಏಕೆ? ಬಲ್ಲವರೂ ಒಂದೇ ಚಿತ್ರವನ್ನು ಬೇರೆಬೇರೆಯಾಗಿ ಓದುವುದುಂಟು. ಯಂತ್ರದ ‘ಸರಿ’ ಎಂಬುದರ ಹಿಂದೆ ಮನುಷ್ಯರ ಬಹುಮತವಿದೆಯೆಂಬುದನ್ನು ಮರೆಯಬಾರದು.

ನಾಳಗಳ ವಿಷಯದಲ್ಲಿ ನಮಗೆ ಇನ್ನೂ ಹತ್ತಿರವಾದ ಪ್ರಯೋಗವೊಂದಿದೆ. ಶರೀರವನ್ನು ಕೊಯ್ಯದೆ, ಸೂಜಿ ಚುಚ್ಚದೆ, ರಕ್ತನಾಳಗಳನ್ನು ಕಣ್ಣಾರೆ ಕಾಣಬಹುದಾದ ಸ್ಥಳ ಕಣ್ಣಿನ ಹಿಂಗೋಡೆಯ ಅಕ್ಷಿಪಟಲ. ಅಲ್ಲಿಯ ನಾಳಗಳ ವಿನ್ಯಾಸವು ಒಬ್ಬರಿದ್ದಂತೆ ಒಬ್ಬರಿಗಿಲ್ಲವೆಂದು ನ್ಯೂಯಾರ್ಕಿನ ಸೈಮನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ವೈದ್ಯರು 1935ರಷ್ಟು ಹಿಂದೆಯೇ ತೋರಿಸಿದರು. ಅಲ್ಲಿಯೂ ರೂಪಭೇದಗಳುಂಟು: ಕೆಲವರಲ್ಲಿ ನೋಟದ ನಡುಭಾಗಕ್ಕೆ ಬೇರೊಂದು ಮೂಲದಿಂದ ಬರುವ ಚಿಕ್ಕ ಧಮನಿ ಹೆಚ್ಚಾಗಿರುವುದು. ಮುಖ್ಯ ಧಮನಿಯು ಒಮ್ಮೆಗೇ ಕಟ್ಟಿಕೊಂಡು ಕಣ್ಣು ಕತ್ತಲಾದಾಗ, ಅಂಥವರಿಗೆ ನಡುವಿನ ನೋಟ ಉಳಿಯುವ ಸಂಭವವಿದೆ. ಪುಸ್ತಕದ ಪಟದಿಂದ ದೂರವಾಗಿರುವುದು ಹೀಗೆ ವರವೂ ಆಗಬಹುದು.

ಆದರೆ ಅಕ್ಷಿಪಟಲದ ದೊಡ್ಡ ಶತ್ರು ಮಧುಮೇಹ. ಸಕ್ಕರೆಯ ಅಂಶ ಹೆಚ್ಚಿದ ರಕ್ತವು ವರ್ಷಗಟ್ಟಲೆ ಹರಿದು ಸೂಕ್ಷ್ಮನಾಳಗಳ ಗೋಡೆಗಳನ್ನು ಸಡಿಲಗೊಳಿಸುವುದು. ಗೋಡೆ ಅಲ್ಲಲ್ಲಿ ಸಾಸಿವೆಗಿಂತಲೂ ಚಿಕ್ಕದಾಗಿ ಉಬ್ಬುವುದು, ಸೋರುವುದು. ಇಷ್ಟಾದರೂ ನೋಟ ಚೆನ್ನಾಗಿಯೇ ಇರುವುದು. ನೋಟ ಕೆಡುವ ಹೊತ್ತಿಗೆ ಚಿಕಿತ್ಸೆಯ ಸಮಯ ಬಹುಪಾಲು ಕಳೆದಿರುವುದು.

ಅಮೆರಿಕದ ಗೂಗಲ್ ಸಂಸ್ಥೆಯವರು 1,28,175 ಅಕ್ಷಿಪಟಲ ಚಿತ್ರಗಳಿಂದ ಯಂತ್ರಕ್ಕೆ ಈ ರೋಗವನ್ನು ಗುರುತಿಸಲು ಕಲಿಸಿ 2016ರಲ್ಲಿ ವರದಿ ಮಾಡಿದರು. ಆ ಚಿತ್ರಗಳನ್ನು ಕೊಟ್ಟ ಆಸ್ಪತ್ರೆಗಳಲ್ಲಿ ಮಧುರೆಯ ಅರವಿಂದ, ಚೆನ್ನೈಯ ಶಂಕರ ನೇತ್ರಾಲಯಗಳೊಡನೆ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ಕನ್ನಡಿಗರ ಕಣ್ಣುಗಳೂ ಜಗತ್ತಿನ ಈ ಯಂತ್ರಕ್ಕೆ ಅಕ್ಷರಾಭ್ಯಾಸ ಮಾಡಿಸಿವೆಯೆಂದು ಧಾರಾಳವಾಗಿ ಹೇಳಬಹುದು. 2018ರಲ್ಲಿ ಬೃಹನ್ಮುಂಬಯಿ ಮಹಾನಗರಪಾಲಿಕೆಯ ದವಾಖಾನೆಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬೆಂಗಳೂರಿನ ರೆಮಿಡಿಯೊ ಸಂಸ್ಥೆಯು ತಯಾರಿಸಿದ, ಮೊಬೈಲ್ ಫೋನಿಗೆ ಜೋಡಿಸಿದ ಕ್ಯಾಮೆರಾದಿಂದ 231 ಮಂದಿ ಮಧುಮೇಹಿಗಳ ಅಕ್ಷಿಪಟಲವನ್ನು ಚಿತ್ರಿಸಿದರು. ಯಂತ್ರದ ವಿದ್ಯೆಯೆಲ್ಲ ಆ ಫೋನಿನೊಳಗೇ ಇತ್ತು. ಅಂತರಜಾಲದ ಸಂಪರ್ಕವೂ ಬೇಕಾಗಲಿಲ್ಲ. ನೇತ್ರವೈದ್ಯ ಡಾ. ಎಸ್. ನಟರಾಜನ್ ಮತ್ತು ಸಂಗಡಿಗರ ಈ ಅಧ್ಯಯನವು 2019ರಲ್ಲಿ ಅಮೆರಿಕದ ನೇತ್ರವೈದ್ಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಫಲಿತಾಂಶವನ್ನು ಸಾವಧಾನವಾಗಿ ಓದಬೇಕು. ತಜ್ಞರ ಬಳಿಗೆ ಕಳುಹಿಸಲೇಬೇಕಾದಷ್ಟು ರೋಗವಿದ್ದವರನ್ನು ಯಂತ್ರವು ನೂರಕ್ಕೆ ನೂರರಷ್ಟು ಹಿಡಿಯಿತು. ಕೇಳಿದೊಡನೆ ಚಪ್ಪಾಳೆ ತಟ್ಟೋಣವೆನಿಸುವುದು. ಆದರೆ ಅಷ್ಟು ರೋಗವಿದ್ದವರ ಸಂಖ್ಯೆ ಚಿಕ್ಕದು. ಆದಕಾರಣ ನಿಜವಾದ ಬೆಲೆ 78.2ರಿಂದ 100ರ ನಡುವೆ ಎಲ್ಲಿಯಾದರೂ ಇರಬಹುದೆಂದು ವರದಿಯೇ ಕಾಣಿಸಿದೆ. ಹತ್ತು ಲೆಕ್ಕ ಕೊಟ್ಟು ಹತ್ತನ್ನೂ ಸರಿಮಾಡಿದ ಹುಡುಗ ನೂರು ಕೊಟ್ಟರೂ ನೂರನ್ನು ಸರಿಮಾಡುವನೆಂದು ನಾವು ಒಪ್ಪುವೆವೇ? ಇನ್ನು, ಅಷ್ಟು ರೋಗವಿಲ್ಲದವರನ್ನು ಇಲ್ಲವೆಂದು ಸರಿಯಾಗಿ ಹೇಳಿದುದು 88.4ರಷ್ಟು. ಅಂದರೆ ನೂರರಲ್ಲಿ ಹನ್ನೊಂದು ಹನ್ನೆರಡು ಮಂದಿ ಸುಮ್ಮನೆ ದೊಡ್ಡ ಆಸ್ಪತ್ರೆಗೆ ಹೋಗಿಬರಬೇಕಾದೀತು.

ಈ ಹನ್ನೊಂದು ಹನ್ನೆರಡನ್ನು ಕೆಲವರು ಲಘುವಾಗಿ ಎಣಿಸುವರು, ನಾವು ಹಾಗೆಣಿಸಲಾರೆವು. ನಮ್ಮ ವಿದ್ಯಾರ್ಥಿಗಳ ಪಾಲಕರಲ್ಲಿ ಹೋಟೆಲಿನ ಒಲೆಯ ಮುಂದೆ ನಿಲ್ಲುವವರಿದ್ದಾರೆ, ಕಟ್ಟಡದ ಕೆಲಸಕ್ಕೆ ಬಿಜಾಪುರ ಕಲಬುರ್ಗಿಗಳಿಂದ ಬಂದವರಿದ್ದಾರೆ, ನಾಲ್ಕು ಮನೆಗಳ ಪಾತ್ರೆ ತೊಳೆಯುವ ತಾಯಂದಿರಿದ್ದಾರೆ. ಆಸ್ಪತ್ರೆಗೆ ಒಂದು ದಿನ ಹೋದರೆ ಅಂದಿನ ಕೂಲಿಯಿಲ್ಲ. ಸಾಲಿನಲ್ಲಿ ನಿಂತು, ಕೊನೆಗೆ ಏನೂ ಇಲ್ಲವೆನ್ನಿಸಿಕೊಂಡು ಬಂದವರು, ಮುಂದಿನ ವರ್ಷ ಯಂತ್ರವು ನಿಜವನ್ನೇ ಹೇಳಿದಾಗ ಹೋಗದೆ ಉಳಿದಾರು. ಅತ್ತ, ಅವರ ದವಾಖಾನೆಗೇ ಕ್ಯಾಮೆರಾ ಬಾರದೆ ಹೋದರೆ ಅವರು ಕಣ್ಣು ತೋರಿಸುವುದು ಯಾವ ಕಾಲಕ್ಕೆ? ಎರಡನ್ನೂ ತೂಗಿ ನೋಡಿದರೆ ನಾವು ಕ್ಯಾಮೆರಾದ ಪಕ್ಷವನ್ನೇ ಹಿಡಿಯುವೆವು. ಆದರೆ ಯಂತ್ರವು ಕೊಟ್ಟ ಚೀಟಿಯು ಇಂಗ್ಲಿಷಿನಲ್ಲಿದ್ದು, ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ತಿರುಗಿದವರನ್ನು ನಾವು ಬಲ್ಲೆವು. ಕೊನೆಗೆ ಅದನ್ನು ಓದಿ ಹೇಳಿದುದು ಎಂಟನೆಯ ತರಗತಿಯ ಮಗಳು. ಅಂಕಿಗಳ ಯಾವ ಪಟ್ಟಿಯಲ್ಲಿಯೂ ಈ ಅಡ್ಡಿ ಕಾಣಿಸುವುದಿಲ್ಲ.

ಯಂತ್ರವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಪ್ರಶ್ನೆಗೆ ಸಂಬಂಧಿಸಿ ಒಂದು ಸಂಗತಿಯನ್ನು ಹೇಳಿಬಿಡುತ್ತೇವೆ. ಅಕ್ಷಿಪಟಲದ ಚಿತ್ರವನ್ನು ಮಾತ್ರ ನೋಡಿ ಅದು ಗಂಡಸಿನದೋ ಹೆಂಗಸಿನದೋ ಎಂದು ಯಾವ ನೇತ್ರವೈದ್ಯನೂ ಹೇಳಲಾರನು. 2018ರಲ್ಲಿ ಗೂಗಲಿನ ಯಂತ್ರವು ಅದನ್ನು ಹೇಳಿತು. ಬಹುತೇಕ ಸರಿಯಾಗಿಯೇ ಹೇಳಿತು. ಏನನ್ನು ಕಂಡು ಹೇಳಿತೆಂದು ಅದು ವಿವರಿಸಲಿಲ್ಲ. ಮಕಾರವನ್ನು ಗುರುತಿಸಿದ ಮಗುವೂ ವಿವರಿಸಲಾರದೆಂದು ಹಿಂದೆ ಹೇಳಿದೆವಷ್ಟೆ. ಆದರೆ ಮಗು ತಪ್ಪಿದರೆ ಒಂದು ಪದ ಕೆಡುವುದು. ಇಲ್ಲಿ ತಪ್ಪಿದರೆ ಒಂದು ಕಣ್ಣು ಹೋಗುವುದು. ಆದುದರಿಂದ ಯಂತ್ರವು ತೋರಿಸಿದ ಸ್ಥಳವನ್ನು ವೈದ್ಯನು ತಾನೇ ಮತ್ತೊಮ್ಮೆ ನೋಡುವ ಪದ್ಧತಿಯನ್ನು ಬಿಡಬಾರದು. ಯಾವ ದೇಶದ, ಯಾವ ಆಸ್ಪತ್ರೆಯ ಚಿತ್ರಗಳಿಂದ ಯಂತ್ರವು ಕಲಿತಿದೆಯೆಂದು ಕೇಳುವ ಹಕ್ಕೂ ರೋಗಿಗೆ ಇರಬೇಕು. ಜ್ಯೂರಿಕ್ಕಿನ ರೋಗಿಗಳಿಂದ ಕಲಿತುದನ್ನು ಘಾಟ್‌ಕೋಪರಿನಲ್ಲಿ ಬಳಸುವ ಮೊದಲು ಘಾಟ್‌ಕೋಪರಿನವರ ಚಿತ್ರಗಳ ಮೇಲೆಯೇ ಅದನ್ನು ಪರೀಕ್ಷಿಸಿ ನೋಡತಕ್ಕದ್ದು.

ಪಾಠದ ನಡುವೆ ಹುಡುಗನೊಬ್ಬ ಕೇಳಿದನು: “ಗುರುಗಳೇ, ನನ್ನ ತಲೆಯೊಳಗೆ ಇರುವುದು ಯಾವ ನಕ್ಷೆ?” ಅದನ್ನು ಚಿತ್ರ ತೆಗೆಸದೆ ತಿಳಿಯುವಂತಿಲ್ಲ, ಕುತೂಹಲಕ್ಕಾಗಿ ಆರೋಗ್ಯವಂತ ಹುಡುಗನ ತಲೆಯ ಚಿತ್ರವನ್ನು ಯಾರೂ ತೆಗೆಯುವುದಿಲ್ಲ. ಆದರೆ ಮುಂದಿನ ಅಭ್ಯಾಸಕ್ಕೆ ಖರ್ಚಿಲ್ಲ. ಅಂಗಿಯ ತೋಳನ್ನು ಮೇಲಕ್ಕೆ ಮಡಚಿ, ಮುಷ್ಟಿಯನ್ನು ಬಿಗಿಹಿಡಿದು, ಮೊಣಕೈಯ ಒಳಮಗ್ಗುಲನ್ನು ನೋಡಿರಿ. ದವಾಖಾನೆಯಲ್ಲಿ ರಕ್ತ ತೆಗೆಯುವುದು ಅಲ್ಲಿಯ ಸಿರೆಗಳಿಂದಲೇ. ಕೆಲವರಲ್ಲಿ ಅವು ಇಂಗ್ಲಿಷಿನ ಎಚ್ ಅಕ್ಷರದಂತೆ, ಕೆಲವರಲ್ಲಿ ಎಂ ಅಕ್ಷರದಂತೆ ಕೂಡಿಕೊಂಡಿರುವುವು. ಎರಡೂ ಅಲ್ಲದವರೂ ಇದ್ದಾರೆ. ನಿಮ್ಮ ಎಡಗೈಯದನ್ನೂ ಬಲಗೈಯದನ್ನೂ ಕಾಗದದ ಮೇಲೆ ಬರೆದುಕೊಳ್ಳಿರಿ. ತರಗತಿಯ ಹತ್ತು ಮಂದಿಯದನ್ನು ಹೀಗೆ ಬರೆದು, ಯಾವುದು ಯಾರದೆಂಬುದನ್ನು ಕಾಗದದ ಹಿಂಬದಿಯಲ್ಲಿ ಗುರುತುಮಾಡಿ, ವಿಜ್ಞಾನದ ಉಪಾಧ್ಯಾಯರಿಗೆ ಒಪ್ಪಿಸಿರಿ.